ಅಜ್ಜಿಯ ಕೈಕೆಲಸ ಮಾರಾಟಕ್ಕೆ ಹೊರಡುವ ಮುನ್ನ

ಚುಚ್ಚುಮದ್ದಿನ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಪಕ್ಕದಲ್ಲಿ ಕೂತ ಬಾಣಂತಿಯೊಬ್ಬಳು ನಿಮ್ಮ ಮೊಮ್ಮಗುವಿನ ಕುಂಚಿಗೆಯನ್ನು ಮುಟ್ಟಿ ನೋಡಿ, "ಇದನ್ನ ಎಲ್ಲಿ ತಗೊಂಡ್ರಿ ಅಮ್ಮಾ?" ಎಂದು ಕೇಳಿದರೆ ಆ ಮಾತನ್ನು ಅಲ್ಲಿಗೇ ಬಿಡಬೇಡಿ. ನೆಂಟರು, ನೆರೆಯವರು ಹೊಗಳುತ್ತಾರೆ, ಅದು ಪ್ರೀತಿ. ಗುರುತಿಲ್ಲದವರು ಬೆಲೆ ಕೇಳುತ್ತಾರೆ, ಅದು ಬೇಡಿಕೆ. ಇನ್ನೂ ಒಂದಿಬ್ಬರು ಅಪರಿಚಿತರು ಅದೇ ಪ್ರಶ್ನೆ ಕೇಳಿದರೆಂದರೆ, ಹೊಲಿಗೆ ಯಂತ್ರದ ಪಕ್ಕದಲ್ಲಿ ಒಂದು ಲೆಕ್ಕದ ಪುಸ್ತಕವನ್ನೂ ಇಟ್ಟುಕೊಳ್ಳಬಹುದು.

ಅಮೆರಿಕದಲ್ಲಿ ಇಂಥದೇ ಪ್ರಶ್ನೆಯಿಂದ ಒಂದು ಉದ್ಯಮ ಬೆಳೆಯಿತು. ಆನ್ ಮೂರ್ ಎಂಬ ಮಕ್ಕಳ ನರ್ಸ್ 1960ರ ದಶಕದ ಆರಂಭದಲ್ಲಿ ಪೀಸ್ ಕೋರ್ ಎಂಬ ಸೇವಾ ಸಂಸ್ಥೆಯ ಸ್ವಯಂಸೇವಕಿಯಾಗಿ ಪಶ್ಚಿಮ ಆಫ್ರಿಕದ ಟೋಗೊದಲ್ಲಿದ್ದರು. ಅಲ್ಲಿನ ತಾಯಂದಿರು ಕೂಸನ್ನು ಬಟ್ಟೆಯಲ್ಲಿ ಬೆನ್ನಿಗೆ ಕಟ್ಟಿಕೊಂಡೇ ಎಲ್ಲ ಕೆಲಸ ಮಾಡುವುದನ್ನೂ, ಆ ಕೂಸುಗಳು ನೆಮ್ಮದಿಯಾಗಿರುವುದನ್ನೂ ನೋಡಿದರು. ಊರಿಗೆ ಮರಳಿ ತಮ್ಮ ಮಗಳನ್ನು ಹಾಗೆಯೇ ಶಾಲಿನಲ್ಲಿ ಕಟ್ಟಿಕೊಳ್ಳಲು ಹೋದರೆ ಮಗು ಜಾರುತ್ತಿತ್ತು. ಓಹಾಯೊ ರಾಜ್ಯದ ವೆಸ್ಟ್ ಅಲೆಕ್ಸಾಂಡ್ರಿಯಾ ಎಂಬ ಸಣ್ಣ ಊರಿನಲ್ಲಿದ್ದ ತಾಯಿ ಲೂಸಿ ಆಕರ್ಮನ್ ಮಗಳ ಕಷ್ಟ ಕೇಳಿ ಒಂದು ಚೀಲ ಹೊಲಿದರು. ಮಗು ಬಳಸಿದಂತೆ ಅದನ್ನು ತಿದ್ದುತ್ತ ಹೋದರು. ದಾರಿಯಲ್ಲಿ ಕಂಡವರೆಲ್ಲ ನಮಗೂ ಬೇಕೆಂದಾಗ ಲೂಸಿ ಮನೆಯಲ್ಲೇ ಹೊಲಿದು ಅಂಚೆಯಲ್ಲಿ ಕಳಿಸಿದರು. ಬೇಡಿಕೆ ಕೈಮೀರಿದಾಗ ನೆರೆಯ ಹೆಂಗಸರೂ ತಂತಮ್ಮ ಮನೆಗಳಲ್ಲಿ ಹೊಲಿಯಲು ಕೂತರು. 1969ರಲ್ಲಿ ಪೇಟೆಂಟ್ ಸಿಕ್ಕ ಆ ಚೀಲವೇ 'ಸ್ನಗ್ಲಿ'. 1985ರಲ್ಲಿ ಆ ಉದ್ಯಮವನ್ನು ದೊಡ್ಡ ಕಂಪನಿಯೊಂದು ಕೊಂಡಿತು. ಮೂಲ ಜ್ಞಾನ ಟೋಗೊದ ತಾಯಂದಿರದು, ಕಣ್ಣು ಮಗಳದು, ಜಾರದಂತೆ ಮಾಡಿದ ಕೈ ಅಜ್ಜಿಯದು.

ಈ ಕಥೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು 'ಜಾರುತ್ತಿತ್ತು' ಎಂಬ ಒಂದು ಮಾತು. ನಿಮ್ಮ ವಸ್ತು ಯಾವ ಒಂದು ಕಷ್ಟವನ್ನು ಕಳೆಯುತ್ತದೆ ಎಂದು ಒಂದೇ ವಾಕ್ಯದಲ್ಲಿ ಹೇಳಲು ಬಂದರೆ ಅದು ಹೊಸ ವಸ್ತು. 'ನಮ್ಮ ಹಿರಿಯರ ಕಾಲದ್ದು' ಎಂಬುದಷ್ಟೇ ಹೇಳಲು ಇದ್ದರೆ ಅದನ್ನು ಮಾರಲು ಇನ್ನೂ ಕಾಯಬೇಕು. ಹಲವು ಬಾಣಂತನ ಮಾಡಿದ ಅಜ್ಜಿಗೆ ಇರುವ ಬಂಡವಾಳ ನಿಜಕ್ಕೂ ದೊಡ್ಡದು: ಮಗು ಯಾವಾಗ ಅಳುತ್ತದೆ, ಯಾವ ಹೊಲಿಗೆ ಕಂಕುಳಲ್ಲಿ ಒತ್ತುತ್ತದೆ, ಯಾವ ಲಂಗೋಟಿ ತೊಡೆಯಲ್ಲಿ ಕೆಂಪಗೆ ಗೆರೆ ಮೂಡಿಸುತ್ತದೆ ಎಂಬುದು ಯಾವ ಕಾರ್ಖಾನೆಯ ವಿನ್ಯಾಸಕಾರನಿಗೂ ಅಷ್ಟು ಚೆನ್ನಾಗಿ ಗೊತ್ತಿರುವುದಿಲ್ಲ. ಆದರೆ ಸ್ವಂತ ಮೊಮ್ಮಗುವಿಗೆ ಹೊಲಿದದ್ದನ್ನು ನಾವೇ ಕಣ್ಣಿಟ್ಟು ಬಳಸುತ್ತೇವೆ. ಮಾರಿದ್ದು ನಾವು ಕಾಣದ ಮನೆಯಲ್ಲಿ, ನಾವು ಇಲ್ಲದ ನಡುರಾತ್ರಿಯಲ್ಲಿ ಬಳಕೆಯಾಗುತ್ತದೆ. ಮುಂದಿನ ಎಚ್ಚರಗಳೆಲ್ಲ ಈ ಒಂದು ವ್ಯತ್ಯಾಸದಿಂದ ಬಂದವು.

ಹೊಟ್ಟೆಗೆ, ಚರ್ಮಕ್ಕೆ, ಮೈಮೇಲಕ್ಕೆ

ಯಾವ ವಸ್ತುವಿನಿಂದ ಶುರು ಮಾಡಬೇಕು? ಮಗುವಿನ ಹೊಟ್ಟೆಗೆ ಹೋಗುವುದು, ಚರ್ಮಕ್ಕೆ ಹಚ್ಚುವುದು, ಮೈಮೇಲೆ ತೊಡಿಸುವುದು ಎಂದು ಮೂರು ಪಾಲು ಮಾಡಿಕೊಂಡರೆ ಕಾನೂನಿನ ಬಿಗಿಯೂ ಇದೇ ಕ್ರಮದಲ್ಲಿ ಸಡಿಲವಾಗುತ್ತ ಬರುತ್ತದೆ.

ಮೊದಲು ನೆನಪಾಗುವುದು ರಾಗಿ ಸರಿ. ಮೊಳಕೆ ಕಟ್ಟಿ, ರುಬ್ಬಿ, ಸೋಸಿ, ಒಣಗಿಸಿದ ಸರಿಪುಡಿ ಒಳ್ಳೆಯ ಆಹಾರವೇ. ಆದರೆ ಆರು ತಿಂಗಳ ನಂತರ ಎರಡು ವರ್ಷದವರೆಗೆ ಎದೆಹಾಲಿನ ಜೊತೆಗೆ ಕೊಡುವುದೆಂದು ಮಾರುವ ಯಾವುದೇ ಆಹಾರ, ಅದಕ್ಕೆ ಏನೇ ಹೆಸರಿಡಲಿ, 1992ರ ಶಿಶು ಹಾಲಿನ ಬದಲಿ, ಹಾಲಿನ ಬಾಟಲಿ ಮತ್ತು ಶಿಶು ಆಹಾರಗಳ ಕಾಯಿದೆಯೊಳಗೆ ಬರುತ್ತದೆ. 2003ರ ತಿದ್ದುಪಡಿಯ ನಂತರ ಇಂಥ ಆಹಾರವನ್ನು ಜಾಹೀರಾತು ಮಾಡುವಂತೆಯೇ ಇಲ್ಲ. ಪೊಟ್ಟಣದ ಮೇಲೆ ಮಗುವಿನ ಅಥವಾ ಹೆಣ್ಣಿನ ಚಿತ್ರ ಹಾಕುವಂತಿಲ್ಲ. ಮೊಮ್ಮಗುವಿನ ನಗುಮುಖ ಹಾಕಿ 'ಅಜ್ಜಿಯ ಕೈರುಚಿ' ಎಂದು ವಾಟ್ಸ್ಆ್ಯಪ್ ಸ್ಟೇಟಸ್ ಹಾಕುವುದೂ ಜಾಹೀರಾತೇ. ಪುಡಿಯಲ್ಲಿ ಏನಿರಬೇಕು, ಏನಿರಬಾರದು, ಸೂಕ್ಷ್ಮಾಣುಗಳ ಮಿತಿ ಎಷ್ಟು ಎಂಬುದಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಪ್ರತ್ಯೇಕ ನಿಯಮಾವಳಿ ಇದೆ. ಹಪ್ಪಳ, ಚಟ್ನಿಪುಡಿಗೆ ಮಾಡಿಸುವ ಸಣ್ಣ ನೋಂದಣಿಯಿಂದ ಈ ಕೆಲಸ ಮುಗಿಯುವುದಿಲ್ಲ. ಅಡುಗೆಮನೆಯಿಂದ ಶಿಶು ಆಹಾರದ ಉದ್ಯಮ ಶುರು ಮಾಡಬೇಡಿ ಎಂದೇ ನನ್ನ ಸಲಹೆ. ದೊಡ್ಡವರು ಕುಡಿಯುವ ರಾಗಿ ಮಾಲ್ಟ್ ಮಾರುವುದು ಬೇರೆ ದಾರಿ. ಅದರ ಮೇಲೆ ಮಗುವಿನ ಹೆಸರೆತ್ತಬಾರದು, ಅಷ್ಟೆ.

ಎರಡನೆಯ ಪಾಲು ಸ್ನಾನದ ಪುಡಿ, ಎಣ್ಣೆ, ಸೋಪು, ಕಾಡಿಗೆ. ಹೆಸರುಹಿಟ್ಟು, ಕಡಲೆಹಿಟ್ಟು, ಕಸ್ತೂರಿ ಅರಿಶಿನ ಬೆರೆಸಿದ್ದರಲ್ಲಿ ಏನು ಅಪಾಯ ಎನ್ನಿಸಬಹುದು. ಮೈಗೆ ಉಜ್ಜಿ ಶುದ್ಧಮಾಡಿಕೊಳ್ಳಲು ಮಾರುವ ಪದಾರ್ಥ 1940ರ ಔಷಧ ಮತ್ತು ಕಾಂತಿವರ್ಧಕ ಕಾಯಿದೆಯ ಪ್ರಕಾರ ಕಾಂತಿವರ್ಧಕ. ಅದನ್ನು ತಯಾರಿಸಿ ಮಾರಲು 2020ರ ನಿಯಮಗಳಂತೆ ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳ ಪರವಾನಗಿ ಬೇಕು. ಅದಕ್ಕೆ ಪ್ರತ್ಯೇಕ ಜಾಗ, ಅರ್ಹತೆಯುಳ್ಳ ಸಿಬ್ಬಂದಿ, ಪರೀಕ್ಷೆ ಎಲ್ಲ ಬೇಕಾಗುತ್ತದೆ. ಆಯುರ್ವೇದದ ಹೆಸರಿನಲ್ಲಿ ಮಾರಿದರೆ ಆಯುಷ್ ಪರವಾನಗಿ. ಈ ದಾರಿಯಲ್ಲೇ ಹೋಗಬೇಕೆಂಬ ಹಟವಿದ್ದರೆ ಈಗಾಗಲೇ ಪರವಾನಗಿ ಇರುವ ತಯಾರಕರಿಂದ ನಿಮ್ಮ ಸೂತ್ರದಂತೆ ಮಾಡಿಸಿಕೊಳ್ಳುವ ವ್ಯವಸ್ಥೆ ಇದೆ. ಕಾಡಿಗೆಯನ್ನು ಮಾತ್ರ ಪೂರ್ತಿ ಕೈಬಿಡಿ. ಕಣ್ಣಿಗೆ ಹಚ್ಚುವ ಹಲವು ಕಾಡಿಗೆ, ಸುರ್ಮಾಗಳಲ್ಲಿ ಸೀಸ ಸಿಕ್ಕಿದೆ, ಸೀಸ ಮಗುವಿನ ಮಿದುಳಿಗೆ ಕೆಡುಕು. ಬಜೆ ತೇಯುವುದು, ಜೇನು ನೆಕ್ಕಿಸುವುದು ಕೂಡ ಮಾರಾಟದ ಪಟ್ಟಿಗೆ ಬರಬಾರದು. ಒಂದು ವರ್ಷ ತುಂಬದ ಮಗುವಿಗೆ ಜೇನು ಕೊಡಬಾರದೆಂದು ವೈದ್ಯರು ಹೇಳುವುದು ಬಾಟುಲಿಸಂ ಎಂಬ, ಮಾರಕವಾಗಬಲ್ಲ ವಿಷಬಾಧೆಯ ಭಯದಿಂದ.

ಉಳಿದದ್ದು ಮೂರನೆಯದು, ಬಟ್ಟೆ. ಕುಲಾವಿ, ಕುಂಚಿಗೆ, ಜಬಲಾ, ಲಂಗೋಟಿ, ಹಾಸು, ಜೊಲ್ಲುಪಟ್ಟಿ. ಮನೆಯಲ್ಲಿ ಹೊಲಿದು ಮಾರಲು ಮೊದಲೇ ಪರವಾನಗಿ ಪಡೆಯಬೇಕಾದ ಗೋಜು ಇಲ್ಲಿಲ್ಲ. ಹಾಗೆಂದು ಅಪಾಯವೂ ಇಲ್ಲವೆಂದಲ್ಲ. ಬಟ್ಟೆಯ ಗೊಂಬೆ, ಗಿಲಕಿ ಮಾಡಿದಿರೋ, ಅದು ಆಟಿಕೆಯಾಯಿತು. 2021ರ ಜನವರಿಯಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿದ ಕುಶಲಕರ್ಮಿಗಳಿಗೂ, ಚನ್ನಪಟ್ಟಣದ ಗೊಂಬೆಯಂಥ ಭೌಗೋಳಿಕ ಸೂಚಿಯ ಅಧಿಕೃತ ಬಳಕೆದಾರರಿಗೂ ಅದರಿಂದ ವಿನಾಯಿತಿ ಇದೆ.

ಒಂದು ಕುಂಚಿಗೆಯನ್ನು ಹೊಸದಾಗಿ ಯೋಚಿಸುವುದು

ಉದಾಹರಣೆಗೆ ಕುಂಚಿಗೆಯನ್ನೇ ತೆಗೆದುಕೊಳ್ಳೋಣ. ಟೊಪ್ಪಿಗೆಗೆ ಸೇರಿದ ಉದ್ದನೆಯ ಬಟ್ಟೆ ಬೆನ್ನಿನ ಮೇಲಿಂದ ಇಳಿಬೀಳುವ ಈ ಉಡುಪನ್ನು ಉತ್ತರ ಕರ್ನಾಟಕದ ಕಡೆ ಗುಳೇದಗುಡ್ಡದ ಖಣದಲ್ಲಿ ಹೊಲಿದರೆ ಅದರ ಚೆಲುವೇ ಬೇರೆ. ಆದರೆ ಕುಂಚಿಗೆಯಾಗಲಿ ಕುಲಾವಿಯಾಗಲಿ, ನಿಲ್ಲುವುದು ಗಲ್ಲದ ಕೆಳಗೆ ಕಟ್ಟುವ ದಾರದ ಮೇಲೆ. ಮಕ್ಕಳ ಉಡುಪಿನ ಇಂದಿನ ಸುರಕ್ಷತಾ ಮಾನದಂಡಗಳು ಮೊದಲು ಕತ್ತರಿ ಹಾಕುವುದೇ ಈ ದಾರಕ್ಕೆ: ಐರೋಪ್ಯ ಮಾನದಂಡದಲ್ಲಿ ಏಳು ವರ್ಷದವರೆಗಿನ ಮಕ್ಕಳ ಉಡುಪಿನ ಕುತ್ತಿಗೆ, ಟೊಪ್ಪಿಗೆಯ ಭಾಗದಲ್ಲಿ ಎಳೆದಾರ ಇರುವಂತಿಲ್ಲ. ದಾರ ಎಲ್ಲೋ ಸಿಕ್ಕಿಕೊಂಡು ಕೊರಳಿಗೆ ಬಿಗಿದ ದುರಂತಗಳಿಂದ ಬಂದ ನಿಯಮ ಅದು.

ಅಜ್ಜಿಯ ಶೋಧಕ್ಕೆ ನಿಜವಾದ ಕೆಲಸ ಇಲ್ಲಿದೆ. ದಾರವಿಲ್ಲದೆ ಕುಂಚಿಗೆ ನಿಲ್ಲುವುದು ಹೇಗೆ? ಟಿಚ್ ಬಟನ್ ಹಾಕಿದರೆ ಕಿತ್ತುಬಂದಾಗ ಮಗುವಿನ ಬಾಯಿಗೆ ಹೋಗುತ್ತದೆ. ವೆಲ್ಕ್ರೊ ಅಂಟುಪಟ್ಟಿ ಗಲ್ಲವನ್ನು ಗೀರುತ್ತದೆ, ನಾಲ್ಕು ಒಗೆತಕ್ಕೆ ನೂಲು ಹಿಡಿದು ಹಿಡಿತ ಕಳೆದುಕೊಳ್ಳುತ್ತದೆ. ಎಲಾಸ್ಟಿಕ್ ಬಿಗಿಯಾದರೆ ಗೆರೆ ಮೂಡಿಸುತ್ತದೆ, ಸಡಿಲವಾದರೆ ಟೊಪ್ಪಿಗೆ ಮೂಗಿನ ಮೇಲೆ ಇಳಿಯುತ್ತದೆ. ಶಿಶುಗಳ ಅಂಗಿಯಲ್ಲಿ ಭುಜದ ಮೇಲೆ ಎರಡು ಪದರ ಒಂದರ ಮೇಲೊಂದು ಬರುವ ಕತ್ತಿನ ವಿನ್ಯಾಸವನ್ನು ಗಮನಿಸಿದ್ದೀರಾ? ಅದೇ ಕ್ರಮದಲ್ಲಿ ಎದೆಯ ಮೇಲೆ ಅಡ್ಡಹಾಯುವ ಎರಡು ಅಗಲ ಪದರಗಳನ್ನು ಕೊಟ್ಟು, ತೋಳಿನ ಕಂಡಿಗಳಿಂದ ಕುಂಚಿಗೆಯನ್ನು ಹಿಡಿದು ನಿಲ್ಲಿಸಬಹುದು. ಇದು ಒಂದು ದಾರಿ ಮಾತ್ರ. ನಿಮ್ಮ ಕೈಗೆ ಇನ್ನೊಂದು ಹೊಳೆಯಬಹುದು. ಪ್ರತಿ ಮಾದರಿಯನ್ನೂ ಎತ್ತಿಡಿ, ಏನು ಬದಲಿಸಿದಿರಿ, ಯಾಕೆ ಎಂದು ತಾರೀಖು ಸಮೇತ ಪುಸ್ತಕದಲ್ಲಿ ಬರೆಯಿರಿ. ಮುಂದೆ ವಿನ್ಯಾಸ ನೋಂದಣಿಯ ಹೊತ್ತಿಗೆ ಈ ಪುಸ್ತಕ ಕೆಲಸಕ್ಕೆ ಬರುತ್ತದೆ.

ಖಣದ ಜರಿ ಚುಚ್ಚದಂತೆ ಒಳಗೆ ಮಲ್‌ಮಲ್ ಪದರ ಬೇಕು. ಹೊಲಿಗೆಯ ಅಂಚು ಎರಡು ಪದರಗಳ ನಡುವೆ ಅಡಗಬೇಕು. ಮಣಿ, ಮುತ್ತು, ಗೆಜ್ಜೆ, ದೃಷ್ಟಿಗೆಂದು ಕಪ್ಪುಮಣಿ, ಇವೆಲ್ಲ ಮನೆಯ ನಾಮಕರಣಕ್ಕೆ ಇರಲಿ, ಮಾರುವುದರ ಮೇಲೆ ಬೇಡ. ಎಷ್ಟು ಚಿಕ್ಕ ವಸ್ತು ಅಪಾಯ ಎಂದು ತಿಳಿಯಲು ಪ್ರಯೋಗಾಲಯಗಳಲ್ಲಿ ಒಂದು ಪುಟ್ಟ ಕೊಳವೆ ಬಳಸುತ್ತಾರೆ; ಅದರ ಬಾಯಿ 31.7 ಮಿಲಿಮೀಟರ್, ಹತ್ತು ರೂಪಾಯಿ ನಾಣ್ಯಕ್ಕಿಂತ ತುಸುವೇ ಅಗಲ. ಅದರೊಳಗೆ ಪೂರ್ತಿ ಇಳಿಯುವ ಯಾವುದೇ ತುಣುಕು ಮೂರು ವರ್ಷದೊಳಗಿನ ಮಗುವಿನ ಉಸಿರುಗಟ್ಟಿಸಬಲ್ಲದು. ಗುಂಡಿ ಹಾಕಲೇಬೇಕಿದ್ದರೆ ಅದು ಎಳೆತ ತಡೆಯಬೇಕು: ಐರೋಪ್ಯ ಆಟಿಕೆ ಮಾನದಂಡದಲ್ಲಿ 6 ಮಿಲಿಮೀಟರಿಗಿಂತ ದೊಡ್ಡ ಭಾಗಗಳನ್ನು 90 ನ್ಯೂಟನ್, ಅಂದರೆ ಸುಮಾರು 9 ಕಿಲೋ ಭಾರದಷ್ಟು ಬಲದಿಂದ ಎಳೆದು ನೋಡುತ್ತಾರೆ. ಹತ್ತಿಪ್ಪತ್ತು ಸಲ ಒಗೆದ ಮೇಲೆ ಈ ಪರೀಕ್ಷೆ ಮಾಡಿ. ಹೊಸದರಲ್ಲಿ ಗಟ್ಟಿಯಿದ್ದದ್ದು ಹಳೆಯದಾದಾಗ ಸಡಿಲವಾಗುತ್ತದೆ.

ಕೈಗವಸು, ಕಾಲುಚೀಲದ ಒಳಗೆ ಉಳಿದ ಒಂದೇ ಎಳೆ ನೂಲು ಎಷ್ಟು ಕೇಡು ಮಾಡಬಲ್ಲದೆಂದು ಬಹಳ ಜನಕ್ಕೆ ಗೊತ್ತಿಲ್ಲ. ಅದು ಮಗುವಿನ ಬೆರಳಿಗೆ ಸುತ್ತಿಕೊಂಡು ರಕ್ತ ಓಡಾಡದಂತೆ ಮಾಡುತ್ತದೆ. ಮಗು ಯಾಕೆ ಅಳುತ್ತಿದೆಯೆಂದು ಯಾರಿಗೂ ತಿಳಿಯುವುದಿಲ್ಲ. ಹೊಲಿದದ್ದನ್ನೆಲ್ಲ ತಿರುವಿಹಾಕಿ ಬೆಳಕಿನಲ್ಲಿ ನೋಡಿ, ನೂಲು ಕತ್ತರಿಸಿಯೇ ಮಡಿಸಬೇಕು.

ದಿಂಬು, ಕೌದಿ, ಜೋಳಿಗೆ

ಅಜ್ಜಿಯಂದಿರ ಕೈಯಿಂದ ಹೆಚ್ಚು ಬರುವ ವಸ್ತು ಸಾಸಿವೆ ದಿಂಬು. ತಲೆ ದುಂಡಗಾಗಲಿ ಎಂಬ ಆಸೆಯಿಂದ ಮಾಡುತ್ತಾರೆ. ಮೊದಲ ವರ್ಷ ಮಗು ಮಲಗುವ ಜಾಗದಲ್ಲಿ ದಿಂಬು, ಮೆತ್ತನೆಯ ಹೊದಿಕೆ, ಗೊಂಬೆ ಯಾವುದೂ ಇರಬಾರದು, ಗಟ್ಟಿಯಾದ ಸಮತಟ್ಟು ಹಾಸಿನ ಮೇಲೆ ಅಂಗಾತ ಮಲಗಿಸಬೇಕು ಎಂಬುದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಕೊಟ್ಟ ಸ್ಪಷ್ಟ ಸೂಚನೆ. ಹೊಲಿಗೆ ಬಿಚ್ಚಿದರೆ ಸಾಸಿವೆ ಕಾಳು ಮೂಗು, ಬಾಯಿಗೆ ಹೋಗುವ ಅಪಾಯ ಬೇರೆ. ತೊಟ್ಟಿಲಿನ ಸುತ್ತ ಕಟ್ಟುವ ಮೆತ್ತೆಗಳನ್ನು ಅಮೆರಿಕ 2022ರ ಕಾಯಿದೆಯಿಂದ ನಿಷೇಧಿಸಿಯೇ ಬಿಟ್ಟಿತು. ಕುಂಚಿಗೆಯ ಚೀಟಿಯ ಮೇಲೂ 'ಹೊರಗೆ ಹೋಗುವಾಗ ಮಾತ್ರ. ಮಲಗಿಸುವಾಗ ತೆಗೆಯಿರಿ' ಎಂದು ಬರೆಯುವುದು ಈ ಕಾರಣಕ್ಕೇ. ನಿದ್ದೆಯಲ್ಲಿ ಟೊಪ್ಪಿಗೆ ಮುಖಕ್ಕೆ ಸರಿಯಬಹುದು, ಮೈ ಅತಿಯಾಗಿ ಕಾಯಬಹುದು.

ಧಾರವಾಡ, ಬೆಳಗಾವಿ ಕಡೆಯ ಕೌದಿಯನ್ನು ಹಾಗಾದರೆ ಬಿಡಬೇಕೆ? ಬೇಡ. ಹೊದಿಕೆಯಾಗಿ ಮಾರಬೇಡಿ, ನೆಲದ ಹಾಸಾಗಿ ಮಾರಿ. ಎಚ್ಚರವಿರುವ ಮಗು ಬೋರಲು ಬಿದ್ದು ಆಡಲು, ತೆವಳಲು ಅದಕ್ಕಿಂತ ಒಳ್ಳೆಯ ಹಾಸು ನನಗೆ ಗೊತ್ತಿಲ್ಲ.

ಮಗುವನ್ನು ಬಟ್ಟೆಯಲ್ಲಿ ಸುತ್ತುವ ಚೀಲ ಹೊಲಿಯುವವರು ಜಪಾನಿನ ಅನುಭವವನ್ನು ತಿಳಿಯಬೇಕು. ಕಾಲು ನೇರ ಮಾಡಿ ಬಿಗಿಯಾಗಿ ಸುತ್ತುವ ಪದ್ಧತಿಯಿಂದ ಸೊಂಟದ ಕೀಲು ಜರುಗುವುದು ಅಲ್ಲಿ ಹೆಚ್ಚಾಗಿತ್ತು. 1975ರ ಸುಮಾರಿಗೆ ದೇಶದುದ್ದಕ್ಕೂ ಅಜ್ಜಿಯಂದಿರಿಗೇ ತಿಳಿಹೇಳುವ ಆಂದೋಲನ ನಡೆದು, ಆ ತೊಂದರೆ ಗಣನೀಯವಾಗಿ ಇಳಿಯಿತು. ಆದ್ದರಿಂದ ಚೀಲದ ಕೆಳಭಾಗ ಅಗಲವಿರಲಿ, ಮಗು ಮೊಣಕಾಲು ಮಡಿಸಿ ತೊಡೆ ಅಗಲಿಸುವಷ್ಟು ಜಾಗವಿರಲಿ. ಮಗು ಮಗ್ಗುಲು ಹೊರಳಲು ಶುರು ಮಾಡಿದ ದಿನದಿಂದ ಬಳಸಬಾರದೆಂದು ಚೀಟಿಯಲ್ಲಿರಲಿ.

ಮಗುವನ್ನು ಹೊತ್ತು ನಡೆಯುವ ಜೋಳಿಗೆಯನ್ನು ಮೊದಲ ವಸ್ತುವಾಗಿ ಆರಿಸಬೇಡಿ. ಲೂಸಿ ಆಕರ್ಮನ್ ಮಾಡಿದರಲ್ಲ ಎನ್ನಬಹುದು. ಅದು ಅರವತ್ತರ ದಶಕ. ಮಗುವಿನ ಗಲ್ಲ ಎದೆಗೆ ಒತ್ತುವಂತೆ ಮಡಚಿ ಕೂರಿಸುವ ಜೋಳಿಗೆಯಲ್ಲಿ ಉಸಿರುಗಟ್ಟುತ್ತದೆ ಎಂಬುದು ಆಮೇಲೆ ಜೀವಗಳನ್ನು ಕಳೆದುಕೊಂಡು ಕಲಿತ ಪಾಠ. 2010ರಲ್ಲಿ ಅಮೆರಿಕದಲ್ಲಿ ಮೂರು ಶಿಶುಗಳ ಸಾವಿನ ನಂತರ ಒಂದೇ ಕಂಪನಿ ಹತ್ತು ಲಕ್ಷ ಜೋಳಿಗೆಗಳನ್ನು ವಾಪಸ್ ಪಡೆಯಬೇಕಾಯಿತು. ಭಾರ ಹೊರುವ ವಸ್ತುವಿಗೆ ಪ್ರಯೋಗಾಲಯದ ಪರೀಕ್ಷೆ ಇಲ್ಲದೆ ಕೈಹಾಕಬಾರದು.

ಬಟ್ಟೆ ಆರಿಸುವಾಗ

ಹುಟ್ಟಿದ ಮಗುವಿಗೆ ಹಳೆಯ ಹತ್ತಿ ಸೀರೆಯನ್ನೇ ಹರಿದು ಹಾಕುವ ರೂಢಿಗೆ ಗಟ್ಟಿ ಕಾರಣವಿದೆ. ಹತ್ತಾರು ವರ್ಷ ಒಗೆದ ಸೀರೆಯಲ್ಲಿ ಗಂಜಿ ಇರುವುದಿಲ್ಲ, ಬಿಡುವ ಬಣ್ಣವೆಲ್ಲ ಬಿಟ್ಟಿರುತ್ತದೆ, ನೂಲು ಮೆತ್ತಗಾಗಿರುತ್ತದೆ. ಮಾರಲು ಹಳೆಯ ಸೀರೆ ಆಗದು. ಹೊಸ ಬಟ್ಟೆಯನ್ನೇ ಹಳೆಯದರಂತೆ ಮಾಡಿಕೊಳ್ಳಬೇಕು: ಕತ್ತರಿಸುವ ಮೊದಲೇ ಬಿಸಿನೀರಿನಲ್ಲಿ ನೆನೆಸಿ ಒಗೆದು ಒಣಗಿಸಿ. ಕುಗ್ಗುವುದು ಆಗಲೇ ಕುಗ್ಗುತ್ತದೆ, ಗಂಜಿ ಹೋಗುತ್ತದೆ. ಸುಕ್ಕಾಗದ ಬಟ್ಟೆ ಎಂದು ಅಂಗಡಿಯವನು ಹೊಗಳಿದರೆ ಅದನ್ನು ಬಿಡಿ. ಅಂಥ ಬಟ್ಟೆಗೆ ಹಾಕುವ ರಾಳದಿಂದ ಫಾರ್ಮಾಲ್ಡಿಹೈಡ್ ಹೊರಬರಬಹುದು. ಎರಡು ವರ್ಷದೊಳಗಿನ ಮಕ್ಕಳ ಬಟ್ಟೆಯಲ್ಲಿ ಜಪಾನ್ ಅದಕ್ಕೆ ಇಟ್ಟ ಮಿತಿ ಹತ್ತು ಲಕ್ಷದಲ್ಲಿ 16 ಭಾಗ. ಬಿಳಿಯ ಒದ್ದೆ ಬಟ್ಟೆಯಿಂದ ಬಣ್ಣದ ಬಟ್ಟೆಯನ್ನು ಉಜ್ಜಿ ನೋಡಿ. ಬಣ್ಣ ಹತ್ತಿದರೆ ಬೇಡ. ಮಗು ಬಟ್ಟೆಯನ್ನು ಚೀಪಿಯೇ ಚೀಪುತ್ತದೆ. ಕೆಲವು ಅಜೋ ಬಣ್ಣಗಳನ್ನು ನಮ್ಮ ದೇಶ 1990ರ ದಶಕದಲ್ಲೇ ನಿಷೇಧಿಸಿದೆ, ಆದರೆ ಅಗ್ಗದ ತಾನಿನಲ್ಲಿ ಏನಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. ವ್ಯಾಪಾರ ಸ್ವಲ್ಪ ಕುದುರಿದ ಮೇಲೆ ಒಂದು ತುಂಡನ್ನು ಕೇಂದ್ರ ಜವಳಿ ಸಮಿತಿಯ ಬೆಂಗಳೂರಿನ ಪ್ರಯೋಗಾಲಯದಂಥ ಕಡೆ ಪರೀಕ್ಷೆ ಮಾಡಿಸಿ. 'ಓಕೊ-ಟೆಕ್ಸ್' ಪ್ರಮಾಣಪತ್ರದ ಮೊದಲ ವರ್ಗ ಮೂರು ವರ್ಷದವರೆಗಿನ ಮಕ್ಕಳ ಬಟ್ಟೆಗೆಂದೇ ಇದೆ. ದೊಡ್ಡ ಸಗಟು ವ್ಯಾಪಾರಿಗಳ ಬಳಿ ಅಂಥ ತಾನು ಕೇಳಿ ನೋಡಬಹುದು.

ಇನ್ನು ಹವೆ. ಬಿಸಾಡುವ ಡೈಪರಿನ ಇತಿಹಾಸದಲ್ಲಿ ಒಬ್ಬ ಅಜ್ಜ ಇದ್ದಾರೆ. ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯ ಎಂಜಿನಿಯರ್ ವಿಕ್ಟರ್ ಮಿಲ್ಸ್ 1950ರ ದಶಕದ ನಡುವೆ ಮೊಮ್ಮಗುವಿನ ಲಂಗೋಟಿ ಒಗೆಯುವ ಕೆಲಸ ಬೇಸರವಾಗಿ, ತಮ್ಮ ತಂಡವನ್ನು ಈ ಕೆಲಸಕ್ಕೆ ಹಚ್ಚಿದರು. ಮೊದಲ ಮಾದರಿಗಳನ್ನು ಕೊಟ್ಟು ನೋಡಿದ್ದು ಬಿರುಬೇಸಿಗೆಯ ಡಲ್ಲಾಸಿನಲ್ಲಿ. ಪ್ಲಾಸ್ಟಿಕ್ ಚಡ್ಡಿಯೊಳಗೆ ಮಕ್ಕಳ ಮೈ ಬೆಂದು ಬೊಕ್ಕೆಯೆದ್ದಿತು, ತಾಯಂದಿರು ಒಪ್ಪಲಿಲ್ಲ. ತಿದ್ದಿ, ಮತ್ತೆ ಪರೀಕ್ಷಿಸಿ, 1961ರಲ್ಲಿ ಪಿಯೋರಿಯಾ ಎಂಬ ಊರಿನಲ್ಲಿ 'ಪ್ಯಾಂಪರ್ಸ್' ಹೆಸರಿನಿಂದ ಮಾರಾಟಕ್ಕಿಟ್ಟರೆ ಒಂದಕ್ಕೆ ಹತ್ತು ಸೆಂಟ್ ಬೆಲೆ ದುಬಾರಿಯೆಂದು ಅಲ್ಲೂ ಸೋತಿತು. ಆಮೇಲೆ ಬೆಲೆ ಆರು ಸೆಂಟಿಗೆ ಇಳಿಯಿತು. ಪುತ್ತೂರಿನ ಮಳೆಗಾಲದಲ್ಲಿ ಮೂರು ದಿನವಾದರೂ ಒಣಗದ ದಪ್ಪ ಲಂಗೋಟಿ, ರಾಯಚೂರಿನ ಮೇ ತಿಂಗಳಿನಲ್ಲಿ ಬೆವರಿಳಿಸುವ ಒಳಪದರ, ಎರಡೂ ನಿಮ್ಮ ಡಲ್ಲಾಸ್. ಬೇರೆ ಬೇರೆ ಊರಿನ ನಾಲ್ಕಾರು ತಾಯಂದಿರಿಗೆ ಉಚಿತವಾಗಿ ಕೊಟ್ಟು, ಒಂದು ತಿಂಗಳ ನಂತರ 'ಹೇಗಿದೆ' ಎಂದು ಕೇಳಬೇಡಿ. 'ಯಾವತ್ತು ಬಳಸದೆ ಬಿಟ್ಟಿರಿ, ಯಾಕೆ' ಎಂದು ಕೇಳಿ. ಹಿರಿಯರ ಮುಂದೆ ಯಾರೂ ಚೆನ್ನಾಗಿಲ್ಲ ಎನ್ನುವುದಿಲ್ಲ.

ಫೋಟೊ ಹಾಕುವ ಮೊದಲು

ನಿಮ್ಮ ವಿನ್ಯಾಸ ನಿಜವಾಗಿ ಹೊಸದೆನಿಸಿದರೆ ಫೇಸ್‌ಬುಕ್ಕಿಗೋ ಇನ್‌ಸ್ಟಾಗ್ರಾಮಿಗೋ ಅದರ ಫೋಟೊ ಹಾಕುವ ಆತುರ ಬೇಡ. ಸಾರ್ವಜನಿಕವಾಗಿ ಪ್ರಕಟವಾದದ್ದು ಹೊಸತಲ್ಲ ಎನ್ನಿಸಿಕೊಂಡು ಪೇಟೆಂಟ್, ವಿನ್ಯಾಸ ಎರಡೂ ಹಕ್ಕು ಕೈತಪ್ಪಬಹುದು. ಸಾಂಪ್ರದಾಯಿಕ ಜ್ಞಾನಕ್ಕೆ ನಮ್ಮ ಪೇಟೆಂಟ್ ಕಾಯಿದೆ ಪೇಟೆಂಟ್ ಕೊಡುವುದಿಲ್ಲ. ಕುಂಚಿಗೆಗೆ ಸಿಗದು, ಅದು ದಾರವಿಲ್ಲದೆ ನಿಲ್ಲುವ ಹೊಸ ಕ್ರಮಕ್ಕೆ ಸಿಗಬಹುದು. ಮೊದಲು ತಾತ್ಕಾಲಿಕ ಅರ್ಜಿ ಹಾಕಿ ಹನ್ನೆರಡು ತಿಂಗಳೊಳಗೆ ಪೂರ್ಣ ವಿವರ ಕೊಡುವ ಅವಕಾಶವಿದೆ. ವ್ಯಕ್ತಿಗಳಿಗೆ ಆನ್‌ಲೈನ್ ಅರ್ಜಿ ಶುಲ್ಕ 1,600 ರೂಪಾಯಿ, ಪರೀಕ್ಷೆ ಕೋರಲು 4,000. ವಕೀಲರ ಖರ್ಚು ಅದರ ಹಲವು ಪಟ್ಟು. ಅರ್ಜಿದಾರರಲ್ಲಿ ಒಬ್ಬ ಮಹಿಳೆ ಇದ್ದರೆ ಶೀಘ್ರ ಪರೀಕ್ಷೆ ಕೋರಬಹುದು ಎಂಬುದು ಅಜ್ಜಿಯಂದಿರಿಗೆ ಅನುಕೂಲ. ಕರ್ನಾಟಕಕ್ಕೆ ಸಂಬಂಧಿಸಿದ ಪೇಟೆಂಟ್ ಕಚೇರಿ ಚೆನ್ನೈಯಲ್ಲಿದೆ. ನೋಟ, ಆಕಾರವಷ್ಟೇ ಹೊಸದಾದರೆ ವಿನ್ಯಾಸ ನೋಂದಣಿ ಸಾಕು. ಅದು ಅಗ್ಗ, ಹತ್ತು ವರ್ಷ ನಡೆದು ಇನ್ನೈದು ವರ್ಷ ಮುಂದುವರಿಯುತ್ತದೆ. ಬಹುಪಾಲು ಮನೆ ಉದ್ಯಮಗಳಿಗೆ ಎಲ್ಲಕ್ಕಿಂತ ಹೆಚ್ಚು ಬೆಲೆಬಾಳುವುದು ಹೆಸರು. ಟ್ರೇಡ್‌ಮಾರ್ಕ್ ಒಂದು ವರ್ಗಕ್ಕೆ ವ್ಯಕ್ತಿಗಳಿಗೆ ಆನ್‌ಲೈನಿನಲ್ಲಿ 4,500 ರೂಪಾಯಿ. ಉಡುಪಿಗೆ 25ನೆಯ ವರ್ಗ, ಹಾಸು ಹೊದಿಕೆಗೆ 24.

ಉದ್ಯಮ ಅಜ್ಜಿಯ ಹೆಸರಿನಲ್ಲೇ ಇರಲಿ ಎಂದು ಒತ್ತಿ ಹೇಳುತ್ತೇನೆ. ಕೈಕೆಲಸ ಅವರದು, ಖಾತೆ ಮಗನದು ಎಂಬ ಏರ್ಪಾಡು ನಮ್ಮಲ್ಲಿ ತೀರ ಸಹಜವಾಗಿಬಿಟ್ಟಿದೆ. ಪೇಟೆಂಟ್ ಕಾಯಿದೆಯೂ ನಿಜವಾಗಿ ಕಂಡುಹಿಡಿದವರ ಹೆಸರನ್ನೇ ಕೇಳುತ್ತದೆ. ಆಧಾರ್, ಪ್ಯಾನ್, ಅವರದೇ ಬ್ಯಾಂಕ್ ಖಾತೆ ಇದ್ದರೆ ಉದ್ಯಮ್ ಪೋರ್ಟಲಿನಲ್ಲಿ ನೋಂದಣಿ ಉಚಿತ. ದುಡ್ಡು ಕೇಳುವ ಜಾಲತಾಣ ನಕಲಿಯೆಂದೇ ತಿಳಿಯಿರಿ. ಜಾಮೀನಿಲ್ಲದ ಮುದ್ರಾ ಸಾಲದ 'ಶಿಶು' ವಿಭಾಗದಲ್ಲಿ 50,000 ರೂಪಾಯಿವರೆಗೆ ಸಿಗುತ್ತದೆ. ರಾಜ್ಯದ ಉದ್ಯೋಗಿನಿ ಯೋಜನೆಗೆ ಮಾತ್ರ ವಯಸ್ಸು 18ರಿಂದ 55. ಅದಕ್ಕೆ ಸೊಸೆಯೋ ಮಗಳೋ ಅರ್ಜಿ ಹಾಕಿ ಜೊತೆಗೂಡಬಹುದು. ಬೆಂಗಳೂರಿನಲ್ಲಿ 1983ರಿಂದ ಮಹಿಳಾ ಉದ್ಯಮಿಗಳಿಗೆ ನೆರವಾಗುತ್ತಿರುವ 'ಅವೇಕ್' ಸಂಸ್ಥೆಯಲ್ಲಿ ತರಬೇತಿ, ಸಲಹೆ ಕೇಳಬಹುದು.

ಪೊಟ್ಟಣದ ಮೇಲೆ ತಯಾರಕರ ಹೆಸರು, ವಿಳಾಸ, ವಸ್ತುವಿನ ಹೆಸರು, ಸಂಖ್ಯೆ ಅಥವಾ ಅಳತೆ, ತಯಾರಿಸಿದ ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ, ದೂರು ಹೇಳಲು ಫೋನ್ ಇರಬೇಕೆಂದು 2011ರ ಪೊಟ್ಟಣ ಸರಕುಗಳ ನಿಯಮ ಹೇಳುತ್ತದೆ. ಪೊಟ್ಟಣ ಕಟ್ಟಲು ಶುರು ಮಾಡಿದ 90 ದಿನದೊಳಗೆ ಕಾನೂನು ಮಾಪನಶಾಸ್ತ್ರ ಇಲಾಖೆಯಲ್ಲಿ ನೋಂದಾಯಿಸಿಕೊಳ್ಳಬೇಕು. ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ರಾಜ್ಯದೊಳಗಿನ ಮಾರಾಟಕ್ಕೆ ಜಿಎಸ್‌ಟಿ ನೋಂದಣಿ ಬೇಡ. 2023ರ ಅಕ್ಟೋಬರಿನಿಂದ ಆನ್‌ಲೈನ್ ಅಂಗಡಿಗಳ ಮೂಲಕವೂ ರಾಜ್ಯದೊಳಗೆ ಹಾಗೆಯೇ ಮಾರಬಹುದು, ಒಂದು ದಾಖಲಾತಿ ಸಂಖ್ಯೆ ಪಡೆದರಾಯಿತು. ಗಡಿ ದಾಟಿ ಪುಣೆಗೋ ಹೈದರಾಬಾದಿಗೋ ಕಳಿಸುವಾಗ ಲೆಕ್ಕ ಬದಲಾಗುತ್ತದೆ; ತೆರಿಗೆ ಸಲಹೆಗಾರರನ್ನು ಕೇಳಿಯೇ ಮುಂದಡಿಯಿಡಿ.

ಬೆಲೆ ಕಟ್ಟುವಾಗ ಕೈಯ ಕೂಲಿಯನ್ನು ಬಿಡಬೇಡಿ. ಉದಾಹರಣೆಗೆ ಬಟ್ಟೆಗೆ 140, ನೂಲು, ಚೀಟಿ, ಚೀಲಕ್ಕೆ 30, ಎರಡು ಗಂಟೆಯ ಕೆಲಸಕ್ಕೆ 160, ಕೆಟ್ಟದ್ದು, ವಾಪಸ್ ಬಂದದ್ದಕ್ಕೆ 20 ಎಂದರೆ 350 ಆಯಿತು. ಅದನ್ನು 250ಕ್ಕೆ ಕೊಟ್ಟರೆ ಅಜ್ಜಿ ಅರ್ಧಕ್ಕಿಂತ ಕಡಿಮೆ ಕೂಲಿಗೆ ದುಡಿದಂತೆ. ಅಂಗಡಿಯವರಿಗೆ ಕಮಿಷನ್ ಕೊಡುವುದಿದ್ದರೆ 500ಕ್ಕಿಂತ ಕಡಿಮೆ ಮಾರಲಾಗದು. ದೊಡ್ಡ ಕಂಪನಿ ಯಂತ್ರದಿಂದ ಬೆಲೆ ಇಳಿಸಬಲ್ಲದು, ನಿಮ್ಮಿಂದಾಗದು. ಕಣ್ಣು ಬೆನ್ನು ನೋಯದಂತೆ ತಿಂಗಳಿಗೆ ಎಷ್ಟು ಆಗುತ್ತದೋ ಅಷ್ಟಕ್ಕೇ ಬೇಡಿಕೆ ಒಪ್ಪಿಕೊಳ್ಳಿ.

ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗುವ ಅಜ್ಜಿಯರಿಗೆ ಒಂದು ಕಿವಿಮಾತು. ಸಂದರ್ಶಕ ವೀಸಾದಲ್ಲಿದ್ದಾಗ ಅಲ್ಲಿ ಹೊಲಿದು ಮಾರುವುದು ವೀಸಾ ನಿಯಮಕ್ಕೆ ವಿರುದ್ಧ. ಮೊಮ್ಮಗುವಿಗೆ, ಗೆಳತಿಯ ಮಗುವಿಗೆ ಉಡುಗೊರೆ ಕೊಡಲು ಅಡ್ಡಿಯಿಲ್ಲ. ಇಲ್ಲಿಂದ ಅಲ್ಲಿಗೆ ವ್ಯಾಪಾರವಾಗಿ ಕಳಿಸುವುದಾದರೆ 2008ರ ಅವರ ಕಾಯಿದೆಯಂತೆ ಮಕ್ಕಳ ವಸ್ತುವಿಗೆ ಮಾನ್ಯ ಪ್ರಯೋಗಾಲಯದ ಪರೀಕ್ಷೆ, ಪ್ರಮಾಣಪತ್ರ, ತಯಾರಿಕೆಯ ಗುರುತುಚೀಟಿ ಬೇಕು. ಯುರೋಪಿಗಾದರೆ 2024ರ ಡಿಸೆಂಬರಿನಿಂದ ಅಲ್ಲೇ ಇರುವ ಒಬ್ಬ ಜವಾಬ್ದಾರರನ್ನು ತೋರಿಸಬೇಕು.

ಕೊನೆಯದಾಗಿ, ಮಾರಿದ ಮೇಲಿನ ಕೆಲಸ. 2019ರ ಗ್ರಾಹಕ ರಕ್ಷಣಾ ಕಾಯಿದೆಯಲ್ಲಿ ದೋಷವಿರುವ ವಸ್ತುವಿನಿಂದಾದ ಹಾನಿಗೆ ತಯಾರಕರೇ ಹೊಣೆ. ಮನೆಯಲ್ಲಿ ಮಾಡಿದ್ದೆಂಬ ರಿಯಾಯಿತಿ ಅಲ್ಲಿಲ್ಲ. ಪ್ರತಿ ಕಂತಿಗೂ ಒಂದು ಸಂಖ್ಯೆ ಕೊಟ್ಟು ಚೀಟಿಯ ಮೇಲೆ ಬರೆಯಿರಿ, ಯಾವ ತಾನಿನ ಬಟ್ಟೆ, ಯಾವ ನೂಲು, ಯಾರು ಹೊಲಿದರು, ಯಾರಿಗೆ ಹೋಯಿತು ಎಂಬುದೆಲ್ಲ ಪುಸ್ತಕದಲ್ಲಿರಲಿ. ಆ ಕಂತಿನ ಒಂದು ಕುಂಚಿಗೆಯನ್ನು ಮಾರದೆ ಕಪಾಟಿನಲ್ಲಿಡಿ. ಹೊಲಿಗೆ ಬಿಟ್ಟಿತು, ಬಣ್ಣ ಬಿಟ್ಟಿತು, ಮಗುವಿನ ಮೈ ಕೆಂಪಾಯಿತು ಎಂದು ಯಾರಾದರೂ ಫೋನ್ ಮಾಡಿದರೆ ವಾದಕ್ಕೆ ನಿಲ್ಲದೆ ಮೊದಲು ಮಗು ಹೇಗಿದೆ ಎಂದು ಕೇಳಿ. ಅದೇ ದಿನ ಆ ಕಂತಿನ ಮಾರಾಟ ನಿಲ್ಲಿಸಿ, ಕಪಾಟಿನಲ್ಲಿಟ್ಟದ್ದನ್ನು ತೆಗೆದು ಪರೀಕ್ಷಿಸಿ. ತಪ್ಪು ಬಟ್ಟೆಯದೋ ಹೊಲಿಗೆಯದೋ ಎಂದು ಗೊತ್ತಾದರೆ ಆ ಸಂಖ್ಯೆಯ ಕುಂಚಿಗೆ ಕೊಂಡ ಪ್ರತಿಯೊಬ್ಬರಿಗೂ ನೀವೇ ಫೋನ್ ಮಾಡಿ, ಬಳಸಬೇಡಿ ಎಂದು ಹೇಳಿ, ಅಂಚೆ ವೆಚ್ಚ ಸೇರಿಸಿ ಹಣ ವಾಪಸ್ ಕೊಡಿ.